ಇನ್ನೂರ ಎಪ್ಪತ್ತೊಂದನೆಯ ಪುಟ

ಅಕ್ಕ ಭೌತವಿಜ್ಞಾನಿ, ತಂಗಿ ದರ್ಜಿ. ಅಕ್ಕನ ಕೆಲಸಕ್ಕೆ ಪ್ರಯೋಗಾಲಯ ಬೇಡ, ಯಂತ್ರ ಬೇಡ. ಕಾಗದ, ಪೆನ್ಸಿಲ್ಲು, ಗೋಡೆಯ ಮೇಲೊಂದು ಕರಿಹಲಗೆ ಇದ್ದರೆ ಮುಗಿಯಿತು. ತೆಳುವಾದ ಪದರಗಳಲ್ಲಿ ಶಾಖ ಹೇಗೆ ಹರಿಯುತ್ತದೆ ಎಂಬ ಒಂದೇ ಪ್ರಶ್ನೆಯ ಬೆನ್ನುಹತ್ತಿ ಮೂವತ್ತೈದು ವರ್ಷ ಜೀವ ತೇಯ್ದಿದ್ದಳು. ಈಗ ನಿವೃತ್ತಿಗೆ ನಾಲ್ಕೇ ದಿನ ಉಳಿದಿತ್ತು.

ಸಂಸ್ಥೆಯ ಗುಮಾಸ್ತರು ಒಂದು ಅರ್ಜಿ ಕೊಟ್ಟು ಹೋಗಿದ್ದರು. ತುಂಬಿಕೊಟ್ಟರೆ ಇನ್ನೆರಡು ವರ್ಷ ಈ ಕೋಣೆ, ಈ ಹಲಗೆ ಅವಳದೇ. ಇಲ್ಲವಾದರೆ ಶುಕ್ರವಾರ ಬೀಗದಕೈ ಒಪ್ಪಿಸಬೇಕು. ಅರ್ಜಿಯಲ್ಲಿ ‘ಸಂಶೋಧನೆಯ ಪ್ರಭಾವ’ ಎಂಬ ಖಾಲಿ ಜಾಗ ಕಂಡು ಅಕ್ಕನ ಕೈ ನಿಂತಿತ್ತು.

“ನಾನು ಬರೆದದ್ದನ್ನ ಯಾರಾದ್ರೂ ನಿಜವಾಗ್ಲೂ ಓದಿದ್ದಾರೆ ಅಂತ ಗೊತ್ತಾದ್ರೆ ಸಹಿ ಹಾಕ್ತೀನಿ. ಇಲ್ಲಾಂದ್ರೆ ನಿನ್ನ ಅಂಗಡೀಲಿ ಗುಂಡಿ ಹೊಲ್ಕೊಂಡಿರ್ತೀನಿ,” ಎಂದಳು.

ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿಕೊಡಲು ಬಂದಿದ್ದ ತಂಗಿ, “ಅಯ್ಯೋ, ಬೇಡಮ್ಮಾ ತಾಯಿ! ನೀನು ಹೊಲಿದ ಗುಂಡಿ ಗಿರಾಕಿ ಮನೆ ಸೇರೋದ್ರೊಳಗೆ ಉದುರಿರುತ್ತೆ,” ಎಂದು ಕೈಮುಗಿದಳು.

ಅಕ್ಕನ ಹೆಸರಾಂತ ಲೇಖನ ಒಂದೇ. ಅದನ್ನು ಉಲ್ಲೇಖಿಸಿದ ನಾನೂರ ಹನ್ನೆರಡು ಲೇಖನಗಳ ಪಟ್ಟಿಯನ್ನು ಗ್ರಂಥಪಾಲಕಿ ಮುದ್ರಿಸಿ ಕೊಟ್ಟಿದ್ದರು. ಯಾರು ಯಾವ ಪುಟವನ್ನು ಉಲ್ಲೇಖಿಸಿದ್ದಾರೆ ಎಂಬುದೂ ಅದರಲ್ಲಿತ್ತು. ತಂಗಿ ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ಓದತೊಡಗಿದಳು. ಎರಡನೆಯ ಹಾಳೆಗೆ ಬಂದಾಗ ನಿಂತಳು.

“ಅಕ್ಕಾ, ನಿನ್ನ ಲೇಖನ ಎಷ್ಟನೇ ಪುಟದಲ್ಲಿದೆ?”

“ಇನ್ನೂರ ಎಪ್ಪತ್ತೊಂದು.”

“ಇವರೆಲ್ಲಾ ಇನ್ನೂರ ಹದಿನೇಳು ಅಂತಾರಲ್ಲೇ?”

ಅಕ್ಕ ಹಳೆಯ ಸಂಪುಟ ತೆಗೆದು ನೋಡಿದಳು. ಇನ್ನೂರ ಹದಿನೇಳರಲ್ಲಿ ಇನ್ಯಾರೋ ಕಬ್ಬಿಣದ ತುಕ್ಕಿನ ಬಗ್ಗೆ ಬರೆದಿದ್ದರು. ಲೇಖನ ತೆರೆದು ನೋಡಿದವರು ಆ ಸಂಖ್ಯೆ ಬರೆಯುವಂತೆಯೇ ಇರಲಿಲ್ಲ. ಒಬ್ಬರು ತಪ್ಪಿದ್ದನ್ನು ಮತ್ತೊಬ್ಬರು ಕಣ್ಣುಮುಚ್ಚಿ ಎತ್ತಿಕೊಂಡಿದ್ದರು.

“ಅಳತೇನೇ ತಗೊಳ್ದೆ ಪಕ್ಕದಂಗಡಿ ಚೀಟಿ ನೋಡಿ ಅಂಗಿ ಕತ್ತರಿಸ್ಬಿಟ್ರಲ್ಲ,” ಎಂದಳು ತಂಗಿ. “ಮೊದಲು ತಪ್ಪಿದ ಪುಣ್ಯಾತ್ಮ ಯಾರೋ?”

ಪಟ್ಟಿ ಹಿಂದಕ್ಕೆ, ಹಿಂದಕ್ಕೆ ಹೋಯಿತು. ಎಲ್ಲಕ್ಕಿಂತ ಹಳೆಯ ‘ಇನ್ನೂರ ಹದಿನೇಳು’ ಇದ್ದದ್ದು ಅಕ್ಕನದೇ ಮುಂದಿನ ಲೇಖನದಲ್ಲಿ. ಅವಸರದಲ್ಲಿ ಅಂಕಿ ಅದಲುಬದಲು ಮಾಡಿದವಳು ಅವಳೇ.

ತಂಗಿ ಬಾಯಿಗೆ ಸೆರಗು ಒತ್ತಿಕೊಂಡರೂ ನಗು ನಿಲ್ಲಲಿಲ್ಲ. “ಬರಿ ಅಕ್ಕಾ, ಅರ್ಜೀಲಿ ಬರಿ! ನಾನು ತಪ್ಪಿದ್ದಕ್ಕೆ ಲೋಕವೇ ತಪ್ಪಿತು ಅಂತ. ಇದಕ್ಕಿಂತ ಪ್ರಭಾವ ಬೇಕಾ?”

“ಸುಮ್ನಿರೇ, ಹೊಟ್ಟೆ ಉರಿಸ್ಬೇಡ,” ಎನ್ನುತ್ತಲೇ ಅಕ್ಕನೂ ನಕ್ಕಳು. ಆಮೇಲೆ ಅರ್ಜಿಯನ್ನು ಮಡಚಿ ಪಕ್ಕಕ್ಕಿಟ್ಟಳು.

ತಂಗಿಗೆ ಪಿಚ್ಚೆನಿಸಿತು. ನಗುವುದು ಬಿಟ್ಟು ಪಟ್ಟಿಯನ್ನು ಮತ್ತೆ ಮೊದಲಿನಿಂದ ಹಿಡಿದಳು. ಸರಿಯಾದ ಪುಟ ಬರೆದವರಿಗೆಲ್ಲ ಸೀಮೆಸುಣ್ಣದ ಗುರುತು ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಹತ್ತೊಂಬತ್ತು ಗುರುತು ಬಿದ್ದವು.

“ಇವರು ಅಳತೆ ತಗೊಂಡೋರು. ಏನಂದಿದ್ದಾರೆ, ನೋಡಬಾರದಾ?”

ಅಕ್ಕ ಒಲ್ಲದ ಮನಸ್ಸಿನಿಂದ ಗಣಕದಲ್ಲಿ ಒಂದೊಂದನ್ನೇ ತೆರೆದಳು. ಹೆಚ್ಚಿನವರು ಅವಳ ಸಮೀಕರಣವನ್ನು ಹದವಾಗಿ ಬಳಸಿದ್ದರು. ಹದಿನಾರನೆಯದು ಸಣ್ಣ ಕಾಲೇಜೊಂದರ ಅಧ್ಯಾಪಕಿಯದು. ಹನ್ನೊಂದು ವರ್ಷದ ಹಿಂದಿನದು. ಅದರ ಅಡಿಟಿಪ್ಪಣಿಯಲ್ಲಿ ಹೀಗಿತ್ತು: ‘ಪದರಗಳು ಎರಡಕ್ಕಿಂತ ಹೆಚ್ಚಾದರೆ ಮೂಲ ಲೇಖನದ ಏಳನೆಯ ಸಮೀಕರಣ ಕೈಕೊಡುತ್ತದೆ. ಮೂರು ಸಲ ಲೆಕ್ಕ ಮಾಡಿದೆ. ಕಾರಣ ತಿಳಿದವರು ತಿಳಿಸಬೇಕು.’

ಅಕ್ಕ ಅದನ್ನು ಎರಡನೆಯ ಸಲ ಓದಿದಳು.

“ಏನಕ್ಕಾ, ಬೈದಿದ್ದಾರಾ?”

“ಇಲ್ಲ ಕಣೇ. ಸರಿಯಾಗಿ ಹೇಳಿದ್ದಾರೆ. ಅದು ಕೈಕೊಡುತ್ತೆ ಅಂತ ನನಗೂ ಗೊತ್ತಿತ್ತು. ಯಾರೂ ಕೇಳ್ಲಿಲ್ಲ, ನಾನೂ ಬಿಟ್ಬಿಟ್ಟಿದ್ದೆ.” ಅಡಿಟಿಪ್ಪಣಿಯ ಮೇಲೆ ಬೆರಳಿಟ್ಟು, “ಕೇಳಿದ್ದಾರೆ. ನಾನೇ ನೋಡಿಲ್ಲ,” ಎಂದಳು.

ಅರ್ಜಿಯ ಮಡಿಕೆ ಬಿಡಿಸಿ, ಪ್ರಭಾವದ ಜಾಗದಲ್ಲಿ ‘ಓದುಗರು ಹತ್ತೊಂಬತ್ತು, ಒಬ್ಬರಿಗೆ ಉತ್ತರ ಬಾಕಿ’ ಎಂದು ಬರೆದು ಸಹಿ ಹಾಕಿದಳು.

“ಗುಮಾಸ್ತರು ಒಪ್ತಾರಾ ಇದನ್ನ?”

“ಒಪ್ಪದೆ ಏನು ಮಾಡ್ತಾರೆ, ನೀನೇ ಕೊಟ್ಟು ಬಾ. ಬಾಗಿಲು ಎಳ್ಕೊಂಡು ಹೋಗು.”

ತಂಗಿ ಹೋದ ಮೇಲೆ ಅಕ್ಕ ಹಲಗೆ ಒರೆಸಿ, ಮೂರು ಪದರಗಳಿಗೆ ಮೂರು ಗೆರೆ ಎಳೆದಳು.