ಮೂರನೆಯ ಸಾಲು

ನನ್ನ ಕೈಯಿಂದ ಬಿತ್ತಿದ ಜೋಳ ಬಾಚಣಿಗೆಯಿಂದ ತಲೆ ಬಾಚಿದ ಹಾಗೆ ಏಳುತ್ತದೆ ಎಂದು ಹಿರೋಳ್ಳಿಯಲ್ಲಿ ಹೆಸರಿತ್ತು. ಆ ಮಾತನ್ನು ಊರವರು ಹೇಳಿದ್ದಕ್ಕಿಂತ ನಾನೇ ಹೆಚ್ಚು ಹೇಳಿಕೊಂಡಿದ್ದೇನೆ, ಅದನ್ನು ಮೊದಲೇ ಒಪ್ಪಿಬಿಡುತ್ತೇನೆ. ಡೋಗಿ ಬರ ಹೋಗಿ ಎರಡು ವರ್ಷಕ್ಕೆ ಹುಟ್ಟಿದವಳು ನಾನು. ಆ ಬರ ಹೋಗಿ ಅರವತ್ತು ವರ್ಷದ ಹತ್ತಿರಕ್ಕೆ ಹೈದರಾಬಾದಿನಲ್ಲಿ ನಿಜಾಮರ ಜುಬಿಲಿ ಆಯಿತಲ್ಲ, ಆ ವರ್ಷದ ಹಿಂಗಾರಿಗೆ ನನಗೆ ಎಷ್ಟಾಗಿತ್ತೋ ನೀವೇ ಎಣಿಸಿಕೊಳ್ಳಿ. ನಾನಂತೂ ಎಣಿಸಿರಲಿಲ್ಲ.

ಕೂರಿಗೆ ನೋಡದವರಿಗೆ ಒಂದು ಮಾತು ಹೇಳಬೇಕು. ನಮ್ಮದು ಮೂರು ತಾಳಿನ ಕೂರಿಗೆ. ಎತ್ತು ಎಳೆದರೆ ನೆಲದಲ್ಲಿ ಒಮ್ಮೆಗೇ ಮೂರು ಸಾಲು ಬೀಳುತ್ತವೆ. ಮೇಲೊಂದು ಮರದ ಬಟ್ಟಲು, ಬಟ್ಟಲಿಗೆ ಮೂರು ತೂತು, ತೂತಿಗೊಂದು ಬಿದಿರಿನ ಕೊಳವೆ. ಎತ್ತು ಹೊಡೆಯುವುದು ಗಂಡಸಿನ ಕೆಲಸ. ಉಡಿಯಲ್ಲಿ ಬೀಜ ಕಟ್ಟಿಕೊಂಡು ಕೂರಿಗೆಯ ಹಿಂದೆ ನಡೆಯುತ್ತ, ಮುಷ್ಟಿಯ ಬೆರಳ ಸಂದಿಯಿಂದ ಮೂರೂ ತೂತಿಗೆ ಸಮನಾಗಿ ಕಾಳು ಬಿಡುವುದು ಹೆಂಗಸಿನ ಕೆಲಸ. ಹೆಚ್ಚು ಬಿದ್ದರೆ ಪೈರು ಒಂದನ್ನೊಂದು ಒತ್ತಿ ಸೊರಗುತ್ತದೆ, ಕಡಿಮೆ ಬಿದ್ದರೆ ಹೊಲ ಬೋಳಾಗುತ್ತದೆ. ನಮ್ಮವರು ಎತ್ತು ಹೊಡೆಯುತ್ತಿದ್ದರು, ನಾನು ಕಾಳು ಬಿಡುತ್ತಿದ್ದೆ. ಮೂವತ್ತೆಂಟು ವರ್ಷ ಹೀಗೇ ನಡೆದಿತ್ತು. ಗಂಡನ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ, ಬೇರೆಯವರು ಕರೆದಾಗ ಕೇಳಿಸಿಕೊಳ್ಳಿ.

ಸೊಸೆ ಚಂದಮ್ಮ ಮನೆಗೆ ಬಂದು ಏಳು ವರ್ಷವಾಗಿತ್ತು. ಒಂದು ಸಲವೂ ಅವಳಿಗೆ ಬಟ್ಟಲು ಮುಟ್ಟಲು ಕೊಟ್ಟಿರಲಿಲ್ಲ. ಕೇಳಿದಾಗಲೆಲ್ಲ, "ನಿನ್ನ ಕೈ ರೊಟ್ಟಿಗೆ ಛಲೋ ಅದ ಬೇ, ಬೀಜಕ್ಕಲ್ಲ," ಎಂದು ಬಾಯಿ ಮುಚ್ಚಿಸುತ್ತಿದ್ದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಮುಗಿಯುವ ಲಕ್ಷಣವೇನೂ ನನಗೆ ಕಂಡಿರಲಿಲ್ಲ.

ಆ ವರ್ಷ ಉತ್ತರಿ ಮಳೆ ಚೆನ್ನಾಗಿ ಹೊಡೆಯಿತು. ಕಪ್ಪು ನೆಲ ಹದವಾಗಿ ಕೂತಿತ್ತು. ಹದ ಬಂದಾಗ ಹರಗಬೇಕು, ಬೆದೆ ಬಂದಾಗ ಬಿತ್ತಬೇಕು. ಎರಡು ದಿನ ನಮ್ಮ ಹೊಲ ಬಿತ್ತಿದೆವು, ಮೂರನೆಯ ದಿನ ಪಕ್ಕದ ಪೀರಸಾಬನ ಬದುವಿನ ಹೊಲ. ಪೀರಸಾಬನ ತಾಯಿಯ ಕಾಲದಿಂದಲೂ ಅವರ ಬಿತ್ತನೆಗೆ ನಮ್ಮ ಮನೆಯ ಕೂರಿಗೆ ಹೋಗುತ್ತದೆ, ನಮ್ಮ ರಾಶಿಗೆ ಅವರ ಮನೆಯವರು ಬರುತ್ತಾರೆ. ಅವನ ಬಾವಿ ಕಡೆಯ ಹೊಲವೊಂದು ಇನ್ನೂ ಕೆಸರಾಗಿದ್ದರಿಂದ ನಾಲ್ಕು ದಿನ ಬಿಟ್ಟು ಬಿತ್ತೋಣ ಎಂದು ಉಳಿಸಿಕೊಂಡೆವು.

ಮೊದಲು ಬಿತ್ತಿದ ಕಾಳು ಆರನೆಯ ದಿನಕ್ಕೆ ಮೊಳೆತಿತ್ತು. ಬೆಳಿಗ್ಗೆ ಒಬ್ಬಳೇ ಹೊಲಕ್ಕೆ ಹೋದೆ. ಎರಡು ಸಾಲು ಹಸಿರು, ಒಂದು ಸಾಲು ಬರೀ ಮಣ್ಣು. ಮತ್ತೆ ಎರಡು ಸಾಲು ಹಸಿರು, ಒಂದು ಸಾಲು ಮಣ್ಣು. ಬದುವಿನಿಂದ ಬದುವಿನವರೆಗೆ ಹಾಗೇ. ಇರುವೆ ತಿಂದಿರಬೇಕು ಎಂದುಕೊಂಡೆ. ಮೂರನೆಯ ಸಾಲನ್ನೇ ಹುಡುಕಿಕೊಂಡು ಹೋಗಿ ತಿನ್ನುವ ಇರುವೆಯನ್ನು ನಾನು ಕಂಡಿಲ್ಲ. ಆದರೂ ಹಾಗೇ ಅಂದುಕೊಂಡೆ.

ಮನೆಗೆ ಬಂದು ನಮ್ಮವರ ಮೇಲೆ ಹರಿಹಾಯ್ದೆ. ಅವರು ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು.

"ಕೊಳವ್ಯಾಗ ಮಣ್ಣು ಸಿಕ್ಕಿತ್ತು. ಎತ್ತು ಹೊಡ್ಯೋರು ನೀವು, ಒಂದೀಟು ಹಿಂದ ತಿರುಗಿ ನೋಡಬಾರ್ದೇನ್ರಿ?"

"ಸಿಕ್ಕಿರಬೇಕು," ಎಂದರು. ಹಗ್ಗದಿಂದ ಕಣ್ಣು ಎತ್ತಲಿಲ್ಲ.

ನನಗೆ ಅಲ್ಲೇ ಅನುಮಾನ ಬಂತು. ಮದುವೆಯಾದಾಗಿನಿಂದ ಈ ಮನುಷ್ಯ ನನ್ನ ಒಂದು ಮಾತನ್ನಾದರೂ ಜಗಳವಿಲ್ಲದೆ ಒಪ್ಪಿದ್ದಿಲ್ಲ. ಇವತ್ತು ತಪ್ಪನ್ನು ಸುಮ್ಮನೆ ತನ್ನ ಮೇಲೆ ಹಾಕಿಕೊಂಡು ಕೂತಿದ್ದಾರೆ. ಅದೂ ಅಲ್ಲದೆ, ಪೀರಸಾಬನ ಹೊಲಕ್ಕೆ ಇಳಿಯುವ ಮುನ್ನ ಮೂರೂ ಕೊಳವೆಗಳಿಗೆ ಕಡ್ಡಿ ಹಾಕಿ ನಾನೇ ಸ್ವಚ್ಛ ಮಾಡಿದ್ದೆ. ಮಣ್ಣು ಸಿಕ್ಕಿದ್ದೇ ನಿಜವಾದರೆ ಅವನ ಹೊಲವಾದರೂ ಸರಿಯಾಗಿ ಏಳಬೇಕು. ಅಲ್ಲಿ ಮೊಳಕೆ ಕಾಣಲು ಇನ್ನೊಂದು ದಿನ ಬೇಕಿತ್ತು. ಆ ರಾತ್ರಿ ನನಗೆ ರೊಟ್ಟಿ ರುಚಿಸಲಿಲ್ಲ.

ಮರುದಿನ ಬದು ದಾಟಿ ಹೋದೆ. ಎರಡು ಸಾಲು ಹಸಿರು, ಒಂದು ಸಾಲು ಮಣ್ಣು. ಆ ಖಾಲಿ ಸಾಲಿನಲ್ಲಿ ಪೀರಸಾಬ ಮತ್ತು ಅವನ ಹೆಂಡತಿ ಕುಕ್ಕರುಗಾಲಲ್ಲಿ ಕೂತು, ಕುರ್ಪಿಯಿಂದ ಮಣ್ಣು ಕೆದರಿ ಒಂದೊಂದೇ ಕುಸುಬಿ ಕಾಳು ಊರುತ್ತಿದ್ದರು. ನನ್ನನ್ನು ನೋಡಿದ್ದೇ ಪೀರಸಾಬ ಕದ್ದು ಸಿಕ್ಕವನ ಹಾಗೆ ಎದ್ದು ನಿಂತ.

"ಬರ್ರಿ ಅಕ್ಕಾ. ಈ ಸಲ ನಡನಡಕ ಕುಸುಬಿ ಹಾಕ್ಬೇಕಂತ ಮನಸ್ಸಿತ್ತು. ನೀವು ಬರೋಬ್ಬರಿ ಜಾಗಾ ಬಿಟ್ಟೀರಿ ನೋಡ್ರಿ!"

ಕುಸುಬಿಯ ಮಾತನ್ನು ಬಿತ್ತುವ ದಿನ ಅವನು ಎತ್ತಿಯೇ ಇರಲಿಲ್ಲ. ಸುಳ್ಳು ಹೇಳಲು ಬಾರದವನು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತವೆ, ಅವನವೂ ಕೆಂಪಾಗಿದ್ದವು.

"ನಾಳೆ ಬಾವಿ ಕಡೀ ಹೊಲ ಬಿತ್ತೋದದ," ಎಂದ. "ಇನ್ನ ತಡಾ ಮಾಡಿದ್ರ ಹಸಿ ಆರ್ತದ. ಎತ್ತು ಹೊಡ್ಯಾಕ ಸೈದಪ್ಪಣ್ಣಗ ಹೇಳೀನಿ. ನೀವೇ ಬರ್ಬೇಕು ಅಕ್ಕಾ, ನಿಮ್ಮ ಕೈಲೇ ಆಗ್ಬೇಕು."

"ಬರ್ತೇನಿ," ಎಂದೆ. ರೂಢಿಯ ಮಾತು, ಬಾಯಿಂದ ತಾನೇ ಬಂದುಬಿಟ್ಟಿತು.

ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಮೊರ ಎಳೆದುಕೊಂಡು ಕೂತೆ. ಇದ್ದಿಲಿನಿಂದ ಮೊರದಲ್ಲಿ ಮೂರು ಗುರುತು ಹಾಕಿ, ಮುಷ್ಟಿ ತುಂಬ ಜೋಳ ಹಿಡಿದು, ಬಟ್ಟಲಿಗೆ ಬಿಡುವ ಹಾಗೇ ಬಿಟ್ಟೆ. ಮೊದಲ ಗುರುತಿಗೆ ಕಾಳು ಬಿತ್ತು, ಎರಡನೆಯದಕ್ಕೂ ಬಿತ್ತು. ಮೂರನೆಯದರ ಹತ್ತಿರ ನಾಲ್ಕೇ ಕಾಳು. ಕಿರುಬೆರಳು, ಅದರ ಪಕ್ಕದ ಬೆರಳು ಅಂಗೈಗೆ ಮಡಚಿಕೊಂಡು ಕೂತಿದ್ದವು. ಬಿಚ್ಚಿಕೊಂಡಿವೆ ಎಂದು ನನ್ನ ಮನಸ್ಸು ಹೇಳುತ್ತಿತ್ತು, ಅವು ಬಿಚ್ಚಿಕೊಂಡಿರಲಿಲ್ಲ. ಬೇಸಿಗೆಯಿಂದಲೇ ಹಟ ಮಾಡುತ್ತಿದ್ದವು. ಶೀತ ಎಂದಿದ್ದೆ, ಬಾವಿಯ ಹಗ್ಗ ಜಗ್ಗಿದ್ದಕ್ಕೆ ಎಂದಿದ್ದೆ, ಚಂದಮ್ಮ ಹಿಟ್ಟು ಗಟ್ಟಿ ನಾದಿದ್ದಾಳೆ ಎಂದೂ ಬೈದಿದ್ದೆ. ಕುಣಿಯಲಾರದವಳಿಗೆ ನೆಲ ಡೊಂಕು.

ಎಣ್ಣೆ ಕಾಯಿಸಿ ತಿಕ್ಕಿ ಮತ್ತೆ ಬಿಟ್ಟು ನೋಡಿದೆ. ಈ ಸಲ ಆರು ಕಾಳು. ನನಗೆ ಹೆದರಿಕೆಯಾಯಿತು. ನಾಳೆಯಿಂದ ಹೊಲಕ್ಕೆ ಹೋದರೆ ಯಾರೆಂದು ಹೋಗಲಿ? ಬುತ್ತಿ ಹೊತ್ತು ತರುವ ಮುದುಕಿ ಎಂದೇ? ಮುದುಕಿ ಎನ್ನುವ ಮಾತು ನನ್ನ ಬಗ್ಗೆ ನನ್ನ ತಲೆಯಲ್ಲಿ ಬಂದದ್ದು ಅದೇ ಮೊದಲು. ಮೊರದ ಮುಂದೆ ಕೂತು ಅತ್ತುಬಿಟ್ಟೆ.

ಚಂದಮ್ಮ ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದಳೋ. ಹತ್ತಿರ ಕೂತು, ನನ್ನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಆ ಎರಡು ಬೆರಳುಗಳನ್ನು ಮೆಲ್ಲಗೆ ನೀವತೊಡಗಿದಳು.

"ಅತ್ತಿ, ನಾಳೆ ನಾನೂ ಬರ್ತೇನ್ರಿ," ಎಂದಳು. "ನಿಮ್ಮ ಹಿಂದ ನಡೀತೇನಿ. ಕಾಳು ಬೀಳದ ಸಾಲಿನಾಗ ಕೈಲೆ ಹಾಕ್ಕೋತ ಬರ್ತೇನಿ. ಯಾರಿಗೂ ತಿಳ್ಯಂಗಿಲ್ಲ."

ನಾನು ಕೈ ಕಿತ್ತುಕೊಂಡೆ. "ಎಲ್ಲಾರೂ ಕೂಡಿ ನನಗ ತೊಟ್ಲಾಗ ಹಾಕಿ ತೂಗಾಕತ್ತೀರೇನ್ ಬೇ?" ಎಂದು ಕೂಗಿದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಎದ್ದು ಒಲೆ ಹಚ್ಚಿದಳು.

ಸಿಟ್ಟು ಇಳಿದ ಮೇಲೆ ಯೋಚನೆ ಬಂತು. ಗಂಡ ತಪ್ಪು ತನ್ನದೆಂದ. ಪೀರಸಾಬ ಕುಸುಬಿಯ ಕಥೆ ಕಟ್ಟಿದ. ಈಗ ಸೊಸೆ ನನ್ನ ಬೆನ್ನ ಹಿಂದೆ ಬಿತ್ತುತ್ತ ಬರುತ್ತೇನೆ ಅನ್ನುತ್ತಾಳೆ. ನಾನು ಬರ್ತೇನಿ ಎನ್ನುವವರೆಗೂ ಇವರಲ್ಲಿ ಯಾರೂ ಬೇಡ ಅನ್ನುವವರಲ್ಲ. ಆದರೆ ಪೀರಸಾಬನ ಮನೆಯಲ್ಲಿ ಎಂಟು ಜನ ಉಣ್ಣುವವರು, ಬಾವಿ ಕಡೆಯ ಹೊಲವೇ ಅವನ ಒಳ್ಳೆಯ ಹೊಲ. ಅದರಲ್ಲಿ ಮೂರರಲ್ಲೊಂದು ಸಾಲು ಹೋದರೆ ಅವನು ನಗುನಗುತ್ತಲೇ ಇನ್ನೊಂದು ಸುಳ್ಳು ಹೇಳುತ್ತಾನೆ, ಮಕ್ಕಳಿಗೆ ಅರೆಹೊಟ್ಟೆ ಆಗುತ್ತದೆ. ಅವರು ನನ್ನ ಮರ್ಯಾದೆ ಕಾಯುತ್ತಿದ್ದಾರೆ. ಅವರ ಹೊಲ ಕಾಯಬೇಕಾದವಳು ನಾನೊಬ್ಬಳೇ.

ಬೆಳಿಗ್ಗೆ ಬಾವಿ ಹೊಲಕ್ಕೆ ಎಲ್ಲರೂ ಸೇರಿದರು. ಕೂರಿಗೆಗೆ ಅರಿಶಿಣ ಹಚ್ಚಿ ಕಾಯಿ ಒಡೆದದ್ದಾಯಿತು. ಬಿತ್ತುವವಳ ಉಡಿಗೆ ಹೊಲದ ಒಡೆಯನೇ ಐದು ಬೊಗಸೆ ಬೀಜ ಹಾಕಬೇಕು, ಅದು ನಮ್ಮ ಕಡೆಯ ಪದ್ಧತಿ. ಪೀರಸಾಬ ಬುಟ್ಟಿ ಹಿಡಿದು ನನ್ನ ಮುಂದೆ ಬಂದು ನಿಂತ. ನಾನು ಸೆರಗು ಒಡ್ಡಲಿಲ್ಲ. ಚಂದಮ್ಮನ ತೋಳು ಹಿಡಿದು ಮುಂದಕ್ಕೆ ನೂಕಿದೆ.

"ಇಕಿ ಉಡ್ಯಾಗ ಹಾಕು ಪೀರಸಾಬ."

"ಅಕ್ಕಾ, ನೀವಿರೂತನಕ..."

"ನನ್ನ ಎರಡು ಬಳ್ಳು ಮಡಚಿ ಕುಂತಾವ. ನಿನ್ನ ಆ ಹೊಲದ ಮೂರನೇ ಸಾಲು ನನ್ನ ಕೈಯಾಗ ಕೆಟ್ಟದ. ಇರುವೀನೂ ಅಲ್ಲ, ಮಣ್ಣೂ ಅಲ್ಲ. ನನಗ ವಯಸ್ಸಾತು." ಎಲ್ಲರಿಗೂ ಕೇಳಿಸುವ ಹಾಗೆಯೇ ಹೇಳಿದೆ. ಹೇಳಿದ ಮೇಲೆ, ತಲೆಹೊರೆ ಇಳಿಸಿದ ಹಾಗೆ, ಕುತ್ತಿಗೆ ಹಗುರಾಯಿತು.

ಪೀರಸಾಬ ಬುಟ್ಟಿ ನೆಲಕ್ಕಿಟ್ಟ. "ನಮ್ಮ ಅವ್ವ ಹೋದಾಗಿಂದ ನಮ್ಮನಿ ರೊಟ್ಟಿ ನಿಮ್ಮ ಕೈಲೇ ಬಿತ್ತಿದ್ದು ಅಕ್ಕಾ," ಎಂದ. "ಒಂದು ಸಾಲಿನ ಮಾತು ಯಾಕ ಆಡ್ತೀರಿ?" ಆಮೇಲೆ ಚಂದಮ್ಮನ ಉಡಿಗೆ ಐದು ಬೊಗಸೆ ಹಾಕಿದ.

ಮೊದಲ ಎರಡು ಸುತ್ತು ನಾನೂ ಅವಳ ಪಕ್ಕದಲ್ಲಿ ನಡೆದೆ. "ಕಣ್ಣು ನಂಬಬ್ಯಾಡ," ಎಂದೆ. "ಕೊಳವ್ಯಾಗ ಕಾಳು ಇಳಿಯೋ ಸಪ್ಪಳ ಕೇಳು. ಮೂರು ಸಪ್ಪಳ ಇರ್ಬೇಕು. ಒಂದು ನಿಂತ್ರ ಎತ್ತು ನಿಲ್ಲಸ್ರಿ ಅಂತ ಒದರು, ಮಾವ ಅದಾರಂತ ನಾಚಬ್ಯಾಡ." ನನ್ನ ಕಿವಿಗೆ ಈಗ ಆ ಮೂರು ಸಪ್ಪಳ ಕೂಡಿ ಒಂದೇ ಆಗಿ ಕೇಳಿಸುತ್ತಿದ್ದವು. ಅವಳು ಮಾತ್ರ ಎರಡನೆಯ ಸುತ್ತಿನ ಕೊನೆಗೆ ತಲೆ ಎತ್ತಿ, "ಕೇಳ್ತಾವ ಅತ್ತಿ, ಮೂರೂ ಕೇಳ್ತಾವ!" ಎಂದಳು. ಅವಳ ಮುಖ ನೋಡಿ ನನಗೆ ಖುಷಿಯೇ ಆಯಿತು, ಹೊಟ್ಟೆಕಿಚ್ಚೂ ಒಂದು ಚಿಟಿಕೆ ಆಯಿತು.

ಆಮೇಲೆ ಬದುವಿನ ಮೇಲೆ ಹೋಗಿ ಕೂತೆ. ಮೂವತ್ತೆಂಟು ವರ್ಷ ಬಟ್ಟಲಿನ ಮೇಲೆ ತಲೆ ಬಗ್ಗಿಸಿಯೇ ನಡೆದವಳು ನಾನು. ಬಿತ್ತುವ ಹೊಲ ದೂರದಿಂದ ಹೇಗೆ ಕಾಣುತ್ತದೆ ಎಂದು ನೋಡಿಯೇ ಇರಲಿಲ್ಲ. ಕೂರಿಗೆಯ ಹಿಂದೆ ಕೊಕ್ಕರೆಗಳು ಹುಳ ಹೆಕ್ಕುತ್ತ ಬರುತ್ತಿದ್ದವು. ಹೊಸ ಸಾಲಿನ ಮಣ್ಣು ಬಿಸಿಲಿಗೆ ಎಣ್ಣೆ ಸವರಿದಷ್ಟು ಕಪ್ಪಗೆ ಹೊಳೆಯುತ್ತಿತ್ತು. ಆ ಬೆರಳುಗಳು ಇಷ್ಟು ವರ್ಷ ಎಷ್ಟು ಸಾಲು ತುಂಬಿರಬೇಕು ಅಂದುಕೊಂಡೆ, ಮಡಚಿದ ಕೈಯನ್ನು ಇನ್ನೊಂದು ಕೈಯಿಂದ ಸವರಿದೆ. ಸಾಕಷ್ಟು ದುಡಿದಿವೆ, ಪಾಪ.

ಆಗ ಎತ್ತುಗಳು ಕಣ್ಣಿಗೆ ಬಿದ್ದವು. ಅವೇ ನಮ್ಮ ಎರಡು ಬಿಳಿ ಎತ್ತು. ಬಿರಬಿರನೆ ನಡೆಯುತ್ತಿದ್ದವು. ಚಂದಮ್ಮ ಸೀರೆ ಎತ್ತಿ ಕಟ್ಟಿಕೊಂಡು ಅವುಗಳ ಸಮಕ್ಕೆ ಹೆಜ್ಜೆ ಹಾಕುತ್ತಿದ್ದಳು. ನಾನು ಕಣ್ಣು ಉಜ್ಜಿಕೊಂಡು ನೋಡಿದೆ. ಕಳೆದ ಮೂರು ಬಿತ್ತನೆಯಿಂದ ನಮ್ಮವರು ಇದೇ ಎತ್ತುಗಳನ್ನು ಸಾಲಿನ ಉದ್ದಕ್ಕೂ ಬಿಗಿ ಹಿಡಿದು, ಅರೆಹೆಜ್ಜೆ ಹೊಡೆಯುತ್ತಿದ್ದರು. ಸುತ್ತಿಗೊಮ್ಮೆ ನಿಲ್ಲಿಸುತ್ತಿದ್ದರು. ಯಾಕೆಂದು ಕೇಳಿದರೆ, "ಎತ್ತಿನ ಮೊಣಕಾಲು ಹಿಡದಾವ, ಹಗೂರ ಹೋಗೂಣು," ಅನ್ನುತ್ತಿದ್ದರು. ಆ ಎತ್ತುಗಳ ಮೇಲೆ ಕನಿಕರಪಟ್ಟು ನಾನೇ ಅವುಗಳ ಕಾಲಿಗೆ ಎಣ್ಣೆ ತಿಕ್ಕಿದ್ದೆ.

ಮಧ್ಯಾಹ್ನ ಅವರು ಬಂದು ಪಕ್ಕದಲ್ಲಿ ಕೂತರು. ಕೈಗೆ ನೀರು ಹಾಕಿ ರೊಟ್ಟಿ ಬಿಚ್ಚಿಟ್ಟೆ.

"ಎತ್ತಿನ ಮೊಣಕಾಲು ಹ್ಯಾಂಗದಾವ್ರಿ?" ಎಂದೆ.

ಅವರು ರೊಟ್ಟಿ ಮುರಿಯುತ್ತ, "ಇವತ್ತು ಜರಾ ಛಲೋ ಅದಾವ," ಎಂದರು.

"ಮೂರು ವರ್ಷ ನನಗ ಸುಳ್ಳ ಹೇಳೀರಿ."

"ಖರೆ ಹೇಳಿದ್ರ ನೀ ಕೇಳ್ತಿದ್ದೇನು?"

ನಕ್ಕೆ. ನಗುನಗುತ್ತ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ. ವಯಸ್ಸಾದದ್ದು ನನಗೆ ಮೊನ್ನೆ ಗೊತ್ತಾಗಿತ್ತು. ಈ ಮನುಷ್ಯನಿಗೆ ಮೂರು ವರ್ಷದ ಹಿಂದೆಯೇ ಗೊತ್ತಾಗಿತ್ತು, ಅವತ್ತಿನಿಂದ ನನ್ನ ಕಾಲು ಸೋಲದ ಹಾಗೆ ಎತ್ತುಗಳನ್ನು ಬಿಗಿ ಹಿಡಿದೇ ನಡೆದಿದ್ದ.