ಯಾರು ಹಾಕಿದ ಜಡೆ

ನನ್ನ ಗಂಡ ಚನ್ನವೀರಯ್ಯನವರು ವಕೀಲರು. ಕೋರ್ಟಿನಲ್ಲಿ ಅವರ ಮಾತು ಎಷ್ಟು ನಡೆಯುತ್ತಿತ್ತೋ ನನಗೆ ಗೊತ್ತಿಲ್ಲ, ಮನೆಯಲ್ಲಂತೂ ನಡೆಯುತ್ತಿರಲಿಲ್ಲ. ಆದರೂ ಎಂಬತ್ತನೇ ಇಸವಿಯಲ್ಲಿ ಅವರು ನನ್ನನ್ನು ಒಂದು ಮಾತೂ ಕೇಳದೆ ನಮ್ಮ ತುಮಕೂರಿನ ಮನೆಯ ಜಗಲಿಯನ್ನು ಬಸ್ ಸ್ಟ್ಯಾಂಡ್ ಮಾಡಿಬಿಟ್ಟರು.

ಆದದ್ದು ಇಷ್ಟು. ಕುಣಿಗಲ್ಲಿನ ಹೊನ್ನಯ್ಯ ಒಂದು ದಿನ ಬಂದು, ಹೆಂಡತಿಯಿಂದ ಬಿಡುಗಡೆ ಕೊಡಿಸಿ ಅಂದ. ಅದಾದ ವಾರಕ್ಕೆ ಅವನ ಹೆಂಡತಿ ಸಿದ್ದಗಂಗಮ್ಮ ಗುಬ್ಬಿಯ ತವರಿನಿಂದ ಬಂದು, ಗಂಡನಿಂದ ಬಿಡುಗಡೆ ಕೊಡಿಸಿ ಅಂದಳು. ಅವಳ ಅಪ್ಪನ ಜಮೀನಿನ ವ್ಯಾಜ್ಯ ನಡೆಸಿದ್ದವರು ನಮ್ಮವರು. ಹಾಗಾಗಿ ಆ ಎರಡು ಮನೆಗೂ ಗೊತ್ತಿದ್ದ ವಕೀಲರು ಇವರೊಬ್ಬರೇ. ಒಬ್ಬರಿಗೆ ಗೊತ್ತಿಲ್ಲದಂತೆ ಒಬ್ಬರು ಬಂದಿದ್ದರು. "ಇಷ್ಟೊಂದು ಒಮ್ಮತ ಇರೋ ಗಂಡ ಹೆಂಡ್ತೀನ ನಾನು ನೋಡೇ ಇಲ್ಲ" ಎಂದು ನಾನು ಅಂದೆ. ನಮ್ಮವರು ನಗಲಿಲ್ಲ.

ಜಗಳ ಶುರುವಾದದ್ದು ಅತ್ತೆ ಸೊಸೆಯ ನಡುವೆ. ಎರಡು ಜುಟ್ಟು ಸೇರಬಹುದು, ಎರಡು ಜಡೆ ಸೇರುವುದಿಲ್ಲ ಅನ್ನುತ್ತಾರಲ್ಲ, ಹಾಗೆ. ಸಿದ್ದಗಂಗಮ್ಮ ಮಗುವನ್ನು ಎತ್ತಿಕೊಂಡು ತವರಿಗೆ ಬಂದಳು. ಗಂಡ ಬಂದು ಕರೆಯಲಿ ಎಂದು ಅವಳು ಕಾದಳು. ತಾನಾಗಿ ಹೋದವಳು ತಾನಾಗಿ ಬರಲಿ ಎಂದು ಅವನು ಕಾದ. ಹೀಗೇ ಮೂರು ವರ್ಷ ಹೋಯಿತು. ಅಷ್ಟರಲ್ಲಿ ಅತ್ತೆಯೂ ತೀರಿಕೊಂಡಳು. ಜಗಳದ ಮೂಲ ಹೋಯಿತು, ಜಗಳ ಮಾತ್ರ ಉಳಿಯಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುವ ಗಾದೆ ಒಂದೇ ಮನೆಯಲ್ಲಿ ಉಣ್ಣುವವರಿಗೆ ಸರಿ.

ಇಬ್ಬರೂ ಒಪ್ಪಿ ಅರ್ಜಿ ಹಾಕಿದರೆ ಬಿಡುಗಡೆ ಕೊಡುವ ಕಾನೂನು ಆಗ ಹೊಸದು. ಅರ್ಜಿ ಹಾಕಿ ಆರು ತಿಂಗಳು ಕಾಯಬೇಕು, ಆಮೇಲೆ ಮತ್ತೆ ಜಡ್ಜ್ ಮುಂದೆ ನಿಂತು ಒಪ್ಪಿಗೆ ಹೇಳಬೇಕು. ತೊಡಕಿದ್ದದ್ದು ಒಂದೇ, ಆರು ವರ್ಷದ ಮಗಳು ಪುಟ್ಟಗೌರಿ. ಅವಳು ತಾಯಿಯ ಹತ್ತಿರ ಇರಲಿ ಎಂಬುದಕ್ಕೆ ಹೊನ್ನಯ್ಯ ತಕರಾರು ಮಾಡಲಿಲ್ಲ. ಹದಿನೈದು ದಿನಕ್ಕೊಮ್ಮೆ ಮಗಳು ಒಂದು ರಾತ್ರಿ ತನ್ನ ಮನೆಯಲ್ಲಿರಬೇಕು ಅಂತ ಮಾತ್ರ ಕೇಳಿದ.

ಸಿದ್ದಗಂಗಮ್ಮ ಸುಲಭಕ್ಕೆ ಬಗ್ಗಲಿಲ್ಲ. "ಹೆಣ್ಣು ದಿಕ್ಕಿಲ್ದಿರೋ ಮನೆ ಸಾರ್. ಮಗೀಗೆ ಒಂದು ಜಡೆ ಹಾಕೋರಿಲ್ಲ ಅಲ್ಲಿ."

"ಆರು ತಿಂಗಳು ನೋಡಮ್ಮ. ಸರಿ ಹೋಗ್ಲಿಲ್ಲ ಅಂದ್ರೆ ಜಡ್ಜ್ ಮುಂದೆ ಹೇಳು" ಅಂದರು ನಮ್ಮವರು.

ಹಾಗೆ ಶುರುವಾಯಿತು. ಶನಿವಾರ ಗುಬ್ಬಿ ಬಸ್ಸಿನಲ್ಲಿ ಸಿದ್ದಗಂಗಮ್ಮ ಮಗಳನ್ನು ಕರೆತಂದು ನಮ್ಮ ಜಗಲಿಯಲ್ಲಿ ಕೂರಿಸಿ ಹೋಗುವಳು. ಅವಳು ಅತ್ತ ಹೋದ ಮೇಲೆ ಇತ್ತ ಕುಣಿಗಲ್ ಬಸ್ಸಿನಿಂದ ಅಪ್ಪ ಬರುವನು. ಭಾನುವಾರ ಇದೇ ಆಟ ತಿರುಗಾಮುರುಗಾ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನಡುವಿನ ಹೊತ್ತಿನಲ್ಲಿ ಪುಟ್ಟಗೌರಿ ನನ್ನ ಪಾಲು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಕೂಸಿಗೆ ಚಕ್ಕುಲಿ, ಕೋಡುಬಳೆ ಸಿಗುತ್ತಿದ್ದುದರಿಂದ ಅಷ್ಟೇನೂ ಬಡವಾಗಲಿಲ್ಲ.

ಶನಿವಾರ ಅವಳು ಬರುವಾಗ ನೋಡಬೇಕು. ಎಣ್ಣೆ ಹಚ್ಚಿ, ನೇರ ಬೈತಲೆ ತೆಗೆದು, ಎರಡು ಜಡೆ ಹಾಕಿ, ಮಡಚಿ ಕಿವಿಯ ಹಿಂದೆ ಕೆಂಪು ಟೇಪಿನ ಹೂವು ಕಟ್ಟಿರುತ್ತಿತ್ತು. ಭಾನುವಾರ ಅಪ್ಪ ವಾಪಸು ಕರೆತಂದಾಗ ಆ ತಲೆ ನೋಡಲು ಧೈರ್ಯ ಬೇಕಿತ್ತು. ಹೊನ್ನಯ್ಯ ತೆಂಗಿನ ನಾರಿನಲ್ಲಿ ಹಗ್ಗ ಹೊಸೆಯುವವನು. ಮೊದಲ ಸಲ ಮಗಳ ಕೂದಲನ್ನೂ ಎರಡು ಎಳೆ ಮಾಡಿ ಹಗ್ಗದಂತೆಯೇ ತಿರುಚಿಬಿಟ್ಟಿದ್ದ. ಮಗುವಿನ ಹುಬ್ಬು ಮೇಲೆದ್ದು ಕಣ್ಣು ಬಿಗಿದುಕೊಂಡಿದ್ದವು. ತಾಯಿ ಬರುವುದರೊಳಗೆ ನಾನೇ ಬಿಚ್ಚಿ ಬೇರೆ ಹಾಕಿದೆ. ಅವನ ಮೇಲಿನ ಪ್ರೀತಿಗಲ್ಲ, ಮತ್ತೊಂದು ಜಗಳ ನನ್ನ ಜಗಲಿಯಲ್ಲಿ ಬೇಡ ಅಂತ.

ನಾಲ್ಕು ತಿಂಗಳು ಹೀಗೇ ಕಳೆಯಿತು. ಆಮೇಲೊಂದು ಭಾನುವಾರ ಪುಟ್ಟಗೌರಿಯ ತಲೆಯಲ್ಲಿ ನಾನು ಕೈಯಿಡುವಂಥದ್ದು ಏನೂ ಇರಲಿಲ್ಲ. ಬೈತಲೆ ನೇರ, ಎರಡು ಜಡೆ ಒಂದೇ ಸಮ, ಕಿವಿಯ ಹಿಂದೆ ಟೇಪಿನ ಹೂವು. ನನಗೆ ಖುಷಿಯಾಯಿತು. ಅಂದು ಹೊನ್ನಯ್ಯ ಜಗಲಿಯ ತುದಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಅಷ್ಟರಲ್ಲಿ ಸಿದ್ದಗಂಗಮ್ಮ ಎಂದಿಗಿಂತ ಮೊದಲೇ ಬಂದುಬಿಟ್ಟಳು. ಗಂಡನತ್ತ ತಿರುಗಲಿಲ್ಲ. ಮಗಳ ತಲೆ ನೋಡಿದಳು, ಮುಖ ಕಪ್ಪಿಟ್ಟಿತು.

"ಸಾರ್, ಇನ್ಮೇಲೆ ನಾನು ಮಗೀನ ಕಳ್ಸಲ್ಲ" ಅಂದಳು ನಮ್ಮವರಿಗೆ. "ಆ ಮನೇಲಿ ಯಾವ್ಳೋ ಅವ್ಳೆ."

"ಯಾರಮ್ಮ ಹೇಳಿದ್ದು?"

"ಯಾರು ಯಾಕೆ ಹೇಳ್ಬೇಕು? ಜಡೆ ನೋಡಿ. ಈ ಅಕ್ಕ ಹಾಕೋ ಜಡೆ ಅಲ್ಲ ಇದು. ಗಂಡ್ಸಿನ ಕೈಯಾ?"

ಪಾಪ, ಅವನ ಗತಿ ನೋಡಿ. ಜಡೆ ಕೆಟ್ಟರೆ ಮನೆಯಲ್ಲಿ ಹೆಣ್ಣಿಲ್ಲ ಅಂತ ತಪ್ಪು, ಚೆನ್ನಾಗಿದ್ದರೆ ಹೆಣ್ಣಿದ್ದಾಳೆ ಅಂತ ತಪ್ಪು.

ಹೊನ್ನಯ್ಯ ಲೋಟ ಕೆಳಗಿಟ್ಟ. "ನಾನೇ ಹಾಕಿದ್ದು" ಅಂದ, ನೆಲ ನೋಡುತ್ತಾ. ಸಿದ್ದಗಂಗಮ್ಮ ಮೂಗಿನಲ್ಲೇ ನಕ್ಕಳು. ಅವನಿಗೆ ರೇಗಿತು. "ಮಗೀನ ಕಳ್ಸಲ್ಲ ಅಂದ್ರೆ ನಾನೂ ಒಪ್ಪಿಗೆ ಹೇಳಲ್ಲ ಸಾರ್. ಕೇಸ್ ನಡೀಲಿ."

"ನಡೆದ್ರೆ ಏನಾಗುತ್ತೆ ಗೊತ್ತಾ?" ಅಂದರು ನಮ್ಮವರು. "ಅಪ್ಪ ಬೇಕೋ ಅಮ್ಮ ಬೇಕೋ ಅಂತ ಈ ಮಗೂನ ಜಡ್ಜ್ ಕೇಳ್ತಾರೆ. ಇವಳು ಬಾಯಿಬಿಟ್ಟು ಒಬ್ಬರನ್ನ ಬೇಡ ಅನ್ಬೇಕಾಗುತ್ತೆ."

ಪುಟ್ಟಗೌರಿ ನನ್ನ ಸೆರಗು ಹಿಡಿದುಕೊಂಡಳು. ನನಗೆ ತಡೆಯಲಾಗಲಿಲ್ಲ. ವಕೀಲರ ಹೆಂಡತಿ ನಡುವೆ ಬಾಯಿ ಹಾಕಬಾರದು ಅಂತ ಯಾವ ಕಾನೂನಿನಲ್ಲೂ ಇಲ್ಲ. ಮಗುವನ್ನು ಎಳೆದು ಕೂರಿಸಿ, ಎರಡೂ ಟೇಪು ಕಿತ್ತು, ಜಡೆ ಬಿಚ್ಚಿ, ಬಾಚಣಿಗೆ ತಂದು ಹೊನ್ನಯ್ಯನ ಕೈಗೆ ಕೊಟ್ಟೆ. "ಹಾಕಪ್ಪ, ನೋಡೋಣ" ಅಂದೆ.

ಅವನು ಮೆಟ್ಟಿಲ ಮೇಲೆ ಕೂತ. ಮಗಳು ಅವನ ಮಂಡಿಗಳ ನಡುವೆ ಹೋಗಿ ಬೆನ್ನು ಮಾಡಿ ಕೂತಳು. ನಾರು ಹೊಸೆದು ಒರಟಾದ ಆ ಕೈ ಮೊದಲು ಕೂದಲನ್ನು ಬುಡದ ಹತ್ತಿರ ಮುಷ್ಟಿಯಲ್ಲಿ ಹಿಡಿಯಿತು. ಆಮೇಲೆ ತುದಿಯಿಂದ ಸಿಕ್ಕು ಬಿಡಿಸುತ್ತಾ ಮೇಲೆ ಬಂತು. ಹಾಗೆ ಹಿಡಿದರೆ ಎಳೆತವೆಲ್ಲ ಹಿಡಿದವರ ಮುಷ್ಟಿಗೆ, ಮಗುವಿನ ತಲೆಗೆ ನೋವಿಲ್ಲ. ಬೈತಲೆ ತೆಗೆಯುವಾಗ ಅವನ ನಾಲಿಗೆ ಹಲ್ಲಿನ ನಡುವೆ ಸಿಕ್ಕಿಕೊಂಡಿತ್ತು. ಮೂರು ಎಳೆ ಮಾಡಿ ಹೆಣೆಯತೊಡಗಿದ.

ಸಿದ್ದಗಂಗಮ್ಮ ನಿಂತಲ್ಲೇ ಕಂಬಕ್ಕೆ ಒರಗಿದಳು. "ಬುಡ ಇಡ್ಕೊಳೋದು ಯಾರು ಹೇಳ್ಕೊಟ್ರು?" ಅಂದಳು. ಕೇಳಿದ್ದು ಅವನನ್ನೋ ಮಗಳನ್ನೋ ತಿಳಿಯಲಿಲ್ಲ.

"ನಾನೇ ಕಣಮ್ಮ" ಅಂದಳು ಪುಟ್ಟಗೌರಿ. "ಅಮ್ಮ ಹಿಂಗೆ ಇಡ್ಕತಾಳೆ, ಅಮ್ಮ ಹಿಂಗೆ ಮಡಚ್ತಾಳೆ ಅಂತ ಹೇಳ್ದೆ. ಅಪ್ಪ ಕಿಟಕಿಗೆ ನಾರು ಕಟ್ಕಂಡು ದಿನಾ ಕಲೀತದಂತೆ."

ಆಗ ನನಗೂ ಹೊಳೆಯಿತು. ಆ ಜಡೆಯಲ್ಲಿ ಸಿದ್ದಗಂಗಮ್ಮ ಕಂಡ ಹೆಣ್ಣಿನ ಕೈ ಅವಳದೇ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನನ್ನ ಕಣ್ಣಲ್ಲೂ ನೀರು ಬಂತು, ಮುಚ್ಚಿಡುವುದೇನಿದೆ. ಸಿದ್ದಗಂಗಮ್ಮ ಅವನು ಟೇಪು ಕಟ್ಟುವ ತನಕ ಕಾದು, ಮಗಳ ಕೈ ಹಿಡಿದುಕೊಂಡು ಹೊರಟುಹೋದಳು. ಮತ್ತೆ ಕಳಿಸುತ್ತಾಳೋ ಇಲ್ಲವೋ ಎಂದು ಹೊನ್ನಯ್ಯ ನನ್ನ ಮುಖ ನೋಡಿದ. ನನಗೇನು ಗೊತ್ತು?

ಕಳಿಸಿದಳು. ಆರು ತಿಂಗಳು ತುಂಬಿದ ಮೇಲೆ ಜಡ್ಜ್ ಮುಂದೆ ಇಬ್ಬರೂ ಒಪ್ಪಿಗೆ ಹೇಳಿದರು. ಮಗಳು ತಾಯಿಯ ಹತ್ತಿರ, ಹದಿನೈದು ದಿನಕ್ಕೊಮ್ಮೆ ಅಪ್ಪನ ಮನೆಯಲ್ಲಿ ಎಂದು ಆಯಿತು. ಬಿಡುಗಡೆ ಸಿಕ್ಕಿತು. ಅವರು ಮತ್ತೆ ಒಂದಾಗಬಹುದು ಅಂತ ಒಳಗೊಳಗೇ ಆಸೆಪಟ್ಟಿದ್ದವಳು ನಾನು. ಅದಾಗಲಿಲ್ಲ, ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಅದಾದ ಮೊದಲ ಶನಿವಾರ ಸಿದ್ದಗಂಗಮ್ಮ ಬಂದಾಗ ಪುಟ್ಟಗೌರಿಯ ತಲೆಯಲ್ಲಿ ಜಡೆಯೇ ಇಲ್ಲ. ಕೂದಲು ಬಿಟ್ಟುಕೊಂಡು ಗುಬ್ಬಿಯಿಂದ ಬಸ್ಸಿನಲ್ಲಿ ಬಂದಿತ್ತು ಮಗು.

"ಏನೇ ಇದು, ನಿನಗೇನಾಗಿದೆ? ಹೆಣ್ಣುಮಗೂನ ಹೀಗೆ ಮನೆಯಿಂದ ಆಚೆ ಕರ್ಕೊಂಡು ಬರ್ತಾರಾ?" ಎಂದು ಗದರಿದೆ.

ಅವಳು ಚೀಲದಿಂದ ಬಾಚಣಿಗೆ, ಕೆಂಪು ಟೇಪು ತೆಗೆದು ನನ್ನ ಕೈಗಿಟ್ಟಳು. "ಅವ್ರೇ ಹಾಕ್ಲಿ ಬುಡಿ ಅಕ್ಕ. ಎಡಗಡೆ ಸುಳಿ ಐತೆ, ಬೈತಲೆ ಅಲ್ಲಿ ನಿಲ್ಲಲ್ಲ. ಒಂದು ತೊಟ್ಟು ಎಣ್ಣೆ ಹಾಕಿ ಒತ್ಬೇಕು ಅಂತ ಹೇಳ್ಬುಡಿ."

"ನಾನ್ಯಾಕೆ ಹೇಳ್ಲಿ? ಅಗೋ ಬರ್ತಾ ಇದಾನೆ, ನೀನೇ ಹೇಳು" ಎಂದು ಬಾಚಣಿಗೆ ಅವಳಿಗೇ ವಾಪಸು ಕೊಟ್ಟು ಒಳಗೆ ಹೋದೆ.

ಒಳಗೆ ಹೋದೆ ಅಂದರೆ ಬಾಗಿಲ ಹಿಂದೆ ನಿಂತೆ. ಹೊನ್ನಯ್ಯನ ಚಪ್ಪಲಿ ಸದ್ದು ಮೆಟ್ಟಿಲವರೆಗೆ ಬಂತು. ಆಮೇಲೆ ಸಿದ್ದಗಂಗಮ್ಮನ ದನಿ, ಮೆಲ್ಲಗೆ, "ಇಲ್ನೋಡಿ, ಸುಳಿ ಇಲ್ಲೈತೆ" ಅಂದಿತು. "ಎಲ್ಲಿ?" ಅಂದ ಹೊನ್ನಯ್ಯ, ಮತ್ತು ಅವಳು ತೋರಿಸಿದಳು.