ಕತ್ತರಿ ಅಕ್ಕ ನೋಡಿದ ಒಂಬತ್ತು ನಿಮಿಷ

ಕತ್ತರಿ ಅಕ್ಕ ಅಡ್ಡವಾಗಿ ನಡೆಯುತ್ತಿದ್ದರು. ಎಡಭುಜವನ್ನು ಮುಂದೆ ಮಾಡಿ, ಕತ್ತಲ ಚಿತ್ರಮಂದಿರದಲ್ಲಿ ಕುಳಿತವರ ಮೊಣಕಾಲಿಗೆ ತಾಗದಂತೆ ತಮ್ಮ ಕುರ್ಚಿ ಹುಡುಕಿ ಹೋಗುವವರ ಹಾಗೆ, ಹಾಡುಹಗಲಿನ ಅಗಲವಾದ ರಸ್ತೆಯಲ್ಲೂ ಅವರು ಸಾಗುತ್ತಿದ್ದುದನ್ನು ಕಂಡು ಹೊಸಬರು ನಗುತ್ತಿದ್ದರು; ಮೂವತ್ತೆರಡು ವರ್ಷ ಸಂಕಲನದ ಇಕ್ಕಟ್ಟು ಕೋಣೆಯಲ್ಲಿ ಮೇಜಿಗೂ ಗೋಡೆಗೂ ನಡುವೆ ಓಡಾಡಿದ ದೇಹಕ್ಕೆ ನೇರ ನಡಿಗೆಯೇ ಮರೆತುಹೋಗಿದೆಯೆಂದು ಬಲ್ಲ ನಾವು ನಗುತ್ತಿರಲಿಲ್ಲ. ಬೇರೆಯವರು ತೆಗೆದ ಚಿತ್ರಗಳನ್ನು ಕತ್ತರಿಸಿ ಜೋಡಿಸುವುದು ಅವರ ಕಸುಬು. ಹೆಸರು ಅದರಿಂದಲೇ ಅಂಟಿಕೊಂಡದ್ದು. ನಿವೃತ್ತಿಯ ಬಳಿಕ ನಮ್ಮ ಕಿರುಚಿತ್ರೋತ್ಸವದ ಮೂವರು ತೀರ್ಪುಗಾರರಲ್ಲಿ ಒಬ್ಬರಾದರು. ಉತ್ಸವದ ಸಂಚಾಲಕನಾದ ನಾನು ಏಳು ವರ್ಷ ಅವರ ಪಕ್ಕದ ಕುರ್ಚಿಯಲ್ಲಿ ಕುಳಿತವನು.

ಅವರ ತೀರ್ಪಿನ ಭಾಷೆಯಲ್ಲಿ ಎರಡೇ ಪದಗಳಿದ್ದವು: ‘ಹತ್ತಿತು’ ಮತ್ತು ‘ಹತ್ತಲಿಲ್ಲ’. ಒಲೆಯ ಮುಂದೆ ಕುಳಿತ ಗೃಹಿಣಿಯ ನಿರ್ವಿಕಾರ ಭಾವದಿಂದ ಅವರು ಚಿತ್ರವೊಂದರ ಹಣೆಬರಹವನ್ನು ನುಡಿದುಬಿಡುತ್ತಿದ್ದರು. ದೊಡ್ಡ ಹೆಸರಿನ ನಿರ್ದೇಶಕನೊಬ್ಬ ಮೂರು ದೇಶ ಸುತ್ತಿ ತೆಗೆದ ಭವ್ಯ ಚಿತ್ರ ಹತ್ತಲಿಲ್ಲ. ಶಾಲಾ ಶಿಕ್ಷಕಿಯೊಬ್ಬಳು ಇರುವೆಗಳ ಸಾಲನ್ನು ನಾಲ್ಕು ನಿಮಿಷ ಹಿಂಬಾಲಿಸಿದ್ದು ಹತ್ತಿತು. ಒಮ್ಮೆ ಒಬ್ಬ ತರುಣ ಹೊರಬಾಗಿಲಲ್ಲಿ ಅವರನ್ನು ತಡೆದು, ತನ್ನ ಚಿತ್ರದ ದೋಷವೇನೆಂದು ಅಳುಮೋರೆಯಲ್ಲಿ ಕೇಳಿದಾಗ, “ಸೌದೆ ಹಸಿ ಇದೆ ಕಣಪ್ಪ, ಒಣಗಲಿ” ಎಂದಷ್ಟೇ ಹೇಳಿ ಅಡ್ಡಡ್ಡವಾಗಿ ಹೊರಟುಹೋಗಿದ್ದರು. ಯಾವ ಚಿತ್ರವೇ ಆಗಲಿ, ಕೊನೆಯ ಹೆಸರು ಪರದೆಯಿಂದ ಮರೆಯಾಗುವತನಕ ಏಳುತ್ತಿರಲಿಲ್ಲ. ಹೆಸರು ಓದದೆ ಏಳುವುದು ಉಂಡ ಮನೆಯವರಿಗೆ ಹೇಳದೆ ಹೊರಡುವುದಕ್ಕೆ ಸಮ ಎಂಬುದು ಅವರ ವಾದ.

ಎರಡು ವರ್ಷಗಳಿಂದ ಅವರ ಮೈಮೇಲೆ ಗಂಡಸರ ಬೂದುಬಣ್ಣದ ಕೋಟೊಂದು ಬಂದಿತ್ತು. ಅದು ಅವರ ಅಣ್ಣನದು. ಮದುವೆಯಾಗದ ಈ ಅಣ್ಣ-ತಂಗಿ ಒಂದೇ ಮನೆಯಲ್ಲಿ ಮುದುಕರಾದವರು. ಅಣ್ಣ ಗಡಿಯಾರ ರಿಪೇರಿಯವರು. ಒಂದು ಮಧ್ಯಾಹ್ನ ಅಂಗಡಿಯಿಂದ ಹೊರಬಿದ್ದವರು ನಿಲ್ದಾಣದ ಬಳಿಯ ಕಲ್ಲುಮೆಟ್ಟಿಲುಗಳ ಮೇಲೆ ಕುಸಿದರಂತೆ. ಯಾರೋ ತಂದು ಸೇರಿಸಿ ಹೋದರು, ಬರುವಾಗಲೇ ಉಸಿರಿರಲಿಲ್ಲ ಎಂದು ಆಸ್ಪತ್ರೆಯವರು ಹೇಳಿದ್ದರು. ಅಕ್ಕ ಆ ಬಗ್ಗೆ ನನ್ನೊಡನೆ ಆಡಿದ್ದು ಒಂದೇ ಮಾತು: ಸಾವು ಬರಲಿ, ಅದು ಎಲ್ಲರಿಗೂ ಬರುವುದೇ, ಆದರೆ ಅಷ್ಟು ಕಾಲುಗಳ ನಡುವೆ ಅವನ ಪಕ್ಕ ಒಬ್ಬರಾದರೂ ಕೂತಿದ್ದರೋ ಇಲ್ಲವೋ, ಅದೊಂದು ಗೊತ್ತಾಗಬೇಕಿತ್ತು.

ಆ ವರ್ಷದ ಉತ್ಸವದ ಎರಡನೆಯ ದಿನ, ಬೆಳಗಿನಿಂದ ಒಂದೂ ಹತ್ತದೆ ಸಭಾಂಗಣವೆಲ್ಲ ಆಕಳಿಸುತ್ತಿದ್ದಾಗ, ಹೊಸ ಹುಡುಗನೊಬ್ಬನ ಚಿತ್ರ ಬಂತು. ಹೆಸರು ‘ಯಾರೂ ನಿಲ್ಲಲಿಲ್ಲ’. ಒಂಬತ್ತು ನಿಮಿಷ, ಒಂದೇ ಚೌಕಟ್ಟು: ಮೇಲಿನ ಕಿಟಕಿಯೊಂದರಿಂದ ಕಾಣುವ ಕಲ್ಲುಮೆಟ್ಟಿಲು, ಅಲ್ಲಿ ಕುಸಿದು ಬಿದ್ದ ಮುದುಕ, ಅವನನ್ನು ಬಳಸಿಕೊಂಡು ಹರಿಯುವ ಜನ. ಮುದುಕನ ಕೈ ಎರಡು ಬಾರಿ ಮೇಲೇಳುತ್ತದೆ, ಬೀಳುತ್ತದೆ. ಸಭಾಂಗಣ ಉಸಿರು ಬಿಗಿಹಿಡಿದಿತ್ತು. ನಾನು ‘ಇದು ಹತ್ತಿತು’ ಎಂದುಕೊಂಡು ಅಕ್ಕನ ಕಡೆ ತಿರುಗಿದೆ. ಅವರು ಎರಡೂ ಕೈಗಳಿಂದ ಕೋಟಿನ ಅಂಚನ್ನು ಹಿಡಿದು ಕಲ್ಲಾಗಿದ್ದರು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಕ್ಕ ಕೊನೆಯ ಹೆಸರಿನವರೆಗೆ ಕುಳಿತಿದ್ದರು. ಪ್ರಶ್ನೋತ್ತರದ ಹೊತ್ತಿಗೆ ಹುಡುಗ ವೇದಿಕೆಗೆ ಬಂದಾಗ, ಮುದುಕನ ಪಾತ್ರ ಮಾಡಿದವರ ಹೆಸರು ಎಲ್ಲೂ ಬರಲಿಲ್ಲವಲ್ಲ ಎಂದು ಕೇಳಿದರು.

“ಅದು ನಟನೆ ಅಲ್ಲ ಮೇಡಂ. ನಿಜವಾಗ್ಲೂ ನಡೆದದ್ದು. ನನ್ನ ರೂಮಿನ ಕಿಟಕೀಲಿ ಕ್ಯಾಮೆರಾ ಇತ್ತು” ಎಂದ ಹುಡುಗ.

ನಾನು ಇಂದಿಗೂ ನಂಬಲಾರದ ಸಂಗತಿ ಆಗ ನಡೆಯಿತು: ಜನ ಇನ್ನೊಮ್ಮೆ ಚಪ್ಪಾಳೆ ತಟ್ಟಿದರು.

“ನಿನ್ನ ಕಿಟಕಿಯಿಂದ ಅವನ ಹತ್ರ ಬರೋಕೆ ಎಷ್ಟು ಮೆಟ್ಟಿಲು ಇಳೀಬೇಕು?” ಎಂದು ಅಕ್ಕ ಕೇಳಿದರು.

ಹುಡುಗ ತಡವರಿಸಿದ. ನಲವತ್ತು ಇರಬಹುದು ಎಂದ.

“ಅವನು ನನ್ನ ಅಣ್ಣ” ಎಂದರು ಅಕ್ಕ, ಗಂಟೆ ಎಷ್ಟೆಂದು ಕೇಳಿದವರಿಗೆ ಹೇಳುವಷ್ಟು ಸಣ್ಣ ದನಿಯಲ್ಲಿ.

ಹುಡುಗನ ಮುಖದ ರಕ್ತ ಇಳಿದುಹೋದದ್ದನ್ನು ಮೂರನೇ ಸಾಲಿನಿಂದಲೂ ಕಾಣಬಹುದಿತ್ತು. ಅವನು ವೇದಿಕೆಯಿಂದ ಇಳಿದುಹೋದ.

ಅಕ್ಕ ಇನ್ನು ಬರಲಾರರೆಂದೇ ನಾನು ಬಗೆದಿದ್ದೆ. ಮರುದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು, ಆ ಚಿತ್ರವನ್ನು ಮತ್ತೆ ನೋಡಬೇಕೆಂದರು. ನಾನು ಹಾಕಿಸಿದೆ. ಖಾಲಿ ಸಭಾಂಗಣದಲ್ಲಿ ನಾವಿಬ್ಬರೇ. ಅಣ್ಣನ ಮುಖವನ್ನು ನೋಡುತ್ತಾರೆಂದುಕೊಂಡರೆ ಅವರು ನೋಡುತ್ತಿದ್ದುದು ಚೌಕಟ್ಟಿನ ಅಂಚುಗಳನ್ನು. ಕೊನೆಯ ಕ್ಷಣದಲ್ಲಿ ನಿಲ್ಲಿಸೆಂದರು. ಬಲಮೂಲೆಯ ಮೆಟ್ಟಿಲ ಮೇಲೆ, ಇಡೀ ಸಭೆಯ ಕಣ್ಣಿಗೆ ಬೀಳದ ಒಂದು ಪಾದವಿತ್ತು. ಬರಿಗಾಲು.

“ಇಲ್ಲಿ ಕತ್ತರಿ ಬಿದ್ದಿದೆ. ಪೇಟೆ ಬೀದೀಲಿ ಯಾರು ಬರಿಗಾಲಲ್ಲಿ ಬರ್ತಾರೆ? ಮನೆಯಿಂದ ಹಾಗೇ ಎದ್ದು ಓಡಿ ಬಂದವನು ಬರ್ತಾನೆ. ಆ ಹುಡುಗನ್ನ ಕರೆಸು.”

ಹುಡುಗ ರಾತ್ರಿಯಿಡೀ ನಿದ್ದೆಯಿಲ್ಲದ ಕಣ್ಣುಗಳಲ್ಲಿ ಬಂದ. ಆ ಕಾಲು ಯಾರದೆಂದು ಅಕ್ಕ ಕೇಳಿದರು. ಅವನು ನೆಲ ನೋಡುತ್ತ, “ನಂದೇ” ಎಂದ. ಆಮೇಲೆ ತಡೆತಡೆದು ಹೇಳಿದ ಕತೆ ಇದು: ಕ್ಯಾಮೆರಾ ಪರೀಕ್ಷಿಸಲೆಂದು ಕಿಟಕಿಯಲ್ಲಿ ಇಟ್ಟು ಒಳಗೆ ಟೀ ಕಾಯಿಸುತ್ತಿದ್ದ; ಮರಳಿ ಬಂದು ನೋಡಿ, ಚಪ್ಪಲಿಯನ್ನೂ ಮೆಟ್ಟದೆ ಓಡಿದ; ಆಸ್ಪತ್ರೆಗೆ ಸಾಗಿಸಿದವನೂ ಅವನೇ. ಹಾಗಾದರೆ ಅದನ್ನೇಕೆ ಕಿತ್ತೆ ಎಂದು ನಾನು ಸಿಟ್ಟಿನಿಂದ ಕೇಳಿದೆ.

“ನಾನು ಬಂದ್ರೆ ಸಿನಿಮಾ ಕೆಡ್ತಿತ್ತು ಸಾರ್.”

ನನ್ನ ಸಿಟ್ಟು ಅಲ್ಲಿಗೆ ಕುಸಿದು, ಅದಕ್ಕಿಂತ ತಣ್ಣಗಿನ ಭೀತಿಯೊಂದು ಆವರಿಸಿತು. ಮಾಡಿದ ಪಾಪವನ್ನು ಮರೆಮಾಚಿದವರನ್ನು ಬೇಕಾದಷ್ಟು ಕಂಡಿದ್ದೆ. ಚಿತ್ರ ಗೆಲ್ಲಲೆಂದು ತನ್ನ ಪುಣ್ಯವನ್ನೇ ಮರೆಮಾಚಿ, ನಿಷ್ಕರುಣಿಯೆನಿಸಿಕೊಳ್ಳಲು ಒಪ್ಪಿದವನನ್ನು ಕಂಡಿರಲಿಲ್ಲ.

ಉಳಿದ ಐದು ನಿಮಿಷ ಅವನ ಬಳಿಯೇ ಇತ್ತು. ಅದರಲ್ಲಿ ಅವನು ಮುದುಕನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾನೆ, ಗಾಡಿಗಾಗಿ ಕೂಗುತ್ತಾನೆ, ಒಬ್ಬ ಹೆಂಗಸು ನೀರು ತರುತ್ತಾಳೆ. ಮುದುಕನ ತುಟಿ ಅಲುಗುತ್ತದೆ. ಏನಂದ ಎಂದರು ಅಕ್ಕ.

“ಅಂಗಡಿ ಬಾಗಿಲು ಹಾಕಿಲ್ಲ ಅಂದ್ರು.”

“ಹೌದು. ಹಾಕಿರ್ಲಿಲ್ಲ” ಎಂದರು ಅಕ್ಕ, ನಗುತ್ತಿರುವಾಗಲೇ ಅತ್ತರು. ಆಮೇಲೆ ಹುಡುಗನ ಬೆನ್ನ ಮೇಲೆ ಕೈಯಿಟ್ಟು ಬಹಳ ಹೊತ್ತು ತೆಗೆಯಲಿಲ್ಲ.

ಆ ಚಿತ್ರದ ತೀರ್ಪಿಗೆ ತಾವು ಕೂರುವುದಿಲ್ಲವೆಂದು ಅವರು ಉಳಿದಿಬ್ಬರಿಗೆ ತಿಳಿಸಿದರು. ಕೊನೆಯ ದಿನ ಪೂರ್ತಿ ಚಿತ್ರ ತೋರಿಸಬೇಕೆಂದಷ್ಟೇ ಕೇಳಿಕೊಂಡರು. ಹುಡುಗ ಒಪ್ಪಿದ. ಹದಿನಾಲ್ಕು ನಿಮಿಷ. ಹತ್ತನೆಯ ನಿಮಿಷಕ್ಕೆ ಕೆಮ್ಮು ಶುರುವಾಯಿತು, ಫೋನುಗಳು ಮಿನುಗಿದವು, ಕೊನೆಗೆ ಸೌಜನ್ಯಕ್ಕೆ ಒಂದಿಷ್ಟು ಚಪ್ಪಾಳೆ. ಹೊರಹೋಗುವಾಗ ನಮ್ಮ ಬೆನ್ನ ಹಿಂದೆಯೇ ಒಬ್ಬಾತ, ಮೊದಲಿನದೇ ಚೆನ್ನಾಗಿತ್ತು, ಕೊನೆಯಲ್ಲಿ ಸುಮ್ಮನೆ ಎಳೆದಿದ್ದಾನೆ ಎಂದ. ನಾನು ಸಿಡಿದು ತಿರುಗಿದೆ. ಅಕ್ಕ ನನ್ನ ತೋಳು ಹಿಡಿದರು.

“ಅವರು ಹೇಳೋದು ನಿಜ ಕಣೋ. ನಾನಾಗಿದ್ರೂ ಅಲ್ಲೇ ಕತ್ತರಿಸ್ತಿದ್ದೆ.”

ಮೂರು ದಿನಗಳಲ್ಲಿ ಕಂಡ ಆಘಾತಗಳೆಲ್ಲ ಈ ಒಂದು ಮಾತಿನ ಮುಂದೆ ಕಿರಿದಾದವು. ತನ್ನ ರಕ್ತವೇ ಪರದೆಯ ಮೇಲಿದ್ದಾಗಲೂ ಕಸುಬಿಗೆ ಸುಳ್ಳು ಹೇಳದವರು ಅವರು. ಇಂಥ ಜನ ವಿರಳ, ಮತ್ತು ಅವರ ಸಾಮೀಪ್ಯ ಸುಖಕರವಲ್ಲ. ನಾವೆಲ್ಲ ಗೆದ್ದ ಚಿತ್ರವನ್ನು ಸತ್ಯವೆಂದೂ ಸೋತದ್ದನ್ನು ಸುಳ್ಳೆಂದೂ ಒಂದೇ ಉಸಿರಿನಲ್ಲಿ ನಂಬಿ ಮನೆಗೆ ಹೋಗಿ ಊಟ ಮಾಡುತ್ತೇವೆ. ಅವರು ಮಾತ್ರ ಯಾವುದು ಗೆಲ್ಲುತ್ತದೆಂದು ಬಲ್ಲರು, ಯಾವುದು ನಡೆಯಿತೆಂದೂ ಬಲ್ಲರು. ಎರಡೂ ಒಂದೇ ಎಂದು ಯಾರಿಗಾಗಿಯೂ, ಸ್ವಂತ ಸಮಾಧಾನಕ್ಕಾಗಿಯೂ, ಹೇಳುವುದಿಲ್ಲ.